ಅಣ್ಣ ತಲೆಯಾಡಿಸಿದ ಸಂಜೆ

ಈ ಊರಿನಲ್ಲಿ ಹೊತ್ತು ಮುಳುಗಿದ ಮೇಲೆ ಮನುಷ್ಯರ ಗಂಟಲಿನಿಂದ ದನಿ ಹೊರಡುವುದಿಲ್ಲ. ಬೆಳಿಗ್ಗೆ ಸೂರ್ಯ ಕಾಣಿಸಿಕೊಂಡಾಗ ಮತ್ತೆ ಬರುತ್ತದೆ. ನಾಯಿ ಬೊಗಳುತ್ತದೆ, ಎಮ್ಮೆ ಅರಚುತ್ತದೆ, ಸೈಕಲ್ಲಿನ ಬೆಲ್ಲು ಕೇಳಿಸುತ್ತದೆ. ಮಾತೊಂದು ಮಾತ್ರ ಇರುವುದಿಲ್ಲ. ಇಲ್ಲೇ ಹುಟ್ಟಿದವರಿಗೆ ಇದು ಒಂದು ವಿಷಯವೇ ಅಲ್ಲ. ಹಸುಗೂಸು ಅತ್ತರೆ ಗೊತ್ತಾಗುವುದಿಲ್ಲವೆಂದು ಬಾಣಂತಿಯರು ಕೂಸಿನ ಕಾಲಿಗೂ ತಮ್ಮ ಕೈಗೂ ನೂಲು ಕಟ್ಟಿಕೊಂಡು ಮಲಗುತ್ತಾರೆ. ಮನೆಗೆ ಬಂದವರು ಬಾಗಿಲ ಗಂಟೆ ಎಳೆಯುತ್ತಾರೆ. ತರಕಾರಿಯವಳು ಬಿಸಿಲು ಇಳಿಯುತ್ತಿದ್ದ ಹಾಗೆ ಗಂಟಲು ಹರಿದುಕೊಂಡು ಕೂಗಿ ಬುಟ್ಟಿ ಖಾಲಿ ಮಾಡಿಕೊಳ್ಳುತ್ತಾಳೆ. ಗಂಡ ಹೆಂಡಿರ ಜಗಳ ಬೆಳಕಿರುವಾಗಲೇ ಮುಗಿಯಬೇಕು. ಮುಗಿಯದಿದ್ದರೆ ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಹೊಳೆ ದಾಟಬೇಕು. ಸೇತುವೆಯ ಆಚೆ ತುದಿಯಲ್ಲಿ ಕಾಲಿಟ್ಟ ಕೂಡಲೇ ದನಿ ಬರುತ್ತದೆ. ಅಲ್ಲಿ ನಿಂಗಮ್ಮನ ಟೀ ಅಂಗಡಿ ಇದೆ. ಸಂಜೆ ಹೊತ್ತು ಆ ಅಂಗಡಿಯನ್ನು ನೋಡಬೇಕು. ವ್ಯಾಪಾರದ ತಕರಾರು, ಪ್ರೀತಿ ಪ್ರೇಮ, ಬೈಗುಳ, ಪರೀಕ್ಷೆಗೆಂದು ಗಟ್ಟಿಯಾಗಿ ಉರು ಹೊಡೆಯುವ ಹುಡುಗರು, ಎಲ್ಲವೂ ಒಂದೇ ಸೂರಿನಡಿ.

ನಾನು ಈ ಊರಿನ ಸೊಸೆ. ನನಗಿಂತ ಮೊದಲು ಇಲ್ಲಿಗೆ ಬಂದವನು ನಮ್ಮಣ್ಣ ಮಾದೇಶ. ನಾನು ಹೇಳಹೊರಟಿರುವುದು ಅವನ ಕಾಲೇಜಿನ ದಿನಗಳ ಕತೆ. ನನ್ನ ಕತೆ ಅದರ ಸೆರಗು ಹಿಡಿದುಕೊಂಡು ತಾನಾಗಿಯೇ ಬರುತ್ತದೆ.

ನಮ್ಮ ಅಪ್ಪ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತು ದುಡಿಯುವವನು. ಕಬ್ಬಿನ ಹಾಲು ಉಕ್ಕಿ ಉಕ್ಕಿ ಸುಟ್ಟು ಅವನ ಕೈ ಬೆರಳುಗಳು ಮುಕ್ಕಾಲು ಪಾಲು ಮಡಚುವುದಿಲ್ಲ. ಓದು ಬರಹ ಇಲ್ಲ. ಅಣ್ಣ ಪಿಯುಸಿ ಪಾಸಾದಾಗ, ಹಾಸ್ಟೆಲ್ ಇರುವ ಹತ್ತಿರದ ಕಾಲೇಜು ಅಂದರೆ ಈ ಊರಿನದೇ ಆಗಿತ್ತು. "ಸಂಜಿ ಆದ್ರೆ ಮಾತು ನಿಂತೋಯ್ತದಂತಲ್ಲಪ್ಪ ಅಲ್ಲಿ" ಎಂದು ಅವ್ವ ಹೆದರಿದಳು. "ಮಾತಾಡಕ್ಕಾ ಓಗ್ತಾ ಇರೋದು ಅವ್ನು? ಓದಕ್ಕೆ" ಎಂದು ಅಪ್ಪ ಟ್ರಂಕು ಹೊತ್ತು ಬಸ್ಸಿಗೇರಿಸಿ ಬಂದ.

ಮೊದಲ ಕೆಲವು ತಿಂಗಳು ಅಣ್ಣನಿಗೆ ಕಷ್ಟವಾದದ್ದು ಸಂಜೆಯಲ್ಲ, ಹಗಲು. ನಮ್ಮ ಕಡೆಯ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ. ಕ್ಲಾಸಿನಲ್ಲಿ ಅವನು ಎದ್ದು ನಿಂತು ಹೈಡ್ರೋಜನ್ನಿನ ಬಗ್ಗೆ ಓದಬೇಕಾಗಿ ಬಂದ ದಿನ "ಐಡ್ರೋಜನ್" ಎಂದ. ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನವರೆಗೆ ನಗು ಹರಿದು ಬಂತು. ಪಾಠ ಮಾಡುತ್ತಿದ್ದ ಮೇಷ್ಟ್ರು ಕೂಡ ಬೋರ್ಡಿನ ಕಡೆ ತಿರುಗಿ ಭುಜ ಕುಲುಕಿಸಿದರಂತೆ. ಅಲ್ಲಿಂದ ಮುಂದೆ ಅವನಿಗೆ ಐಡ್ರೋಜನ್ ಎಂದೇ ಹೆಸರು. ಹಾಜರಿ ಕೂಗುವಾಗ ಒಂದು ಸಲ ‘ಎಸ್ ಸರ್’ ಎನ್ನುವುದನ್ನು ಬಿಟ್ಟರೆ ಅವನು ಬಾಯಿ ತೆರೆಯುವುದನ್ನೇ ನಿಲ್ಲಿಸಿದ.

ಆದರೆ ಹೊತ್ತು ಮುಳುಗಿದರೆ ಅವನು ಬೇರೆಯೇ ಮನುಷ್ಯ. ಹಾಸ್ಟೆಲಿನ ಊಟದ ಕೋಣೆಯಲ್ಲಿ ನೂರಾರು ಹುಡುಗರು ಕೂತು ಕೈಮಾತಿನಲ್ಲೇ ಹರಟುವಾಗ ಯಾರ ಹಕಾರವೂ ಯಾರಿಗೂ ಕೇಳಿಸುತ್ತಿರಲಿಲ್ಲ. ಅಣ್ಣನ ಕೈಗಳು ಉದ್ದ, ಮುಖ ಒಳ್ಳೆಯ ರಬ್ಬರಿನ ಹಾಗೆ. ಸಾರಿನಲ್ಲಿ ಬೇಳೆ ಹುಡುಕಲು ಅಡುಗೆಭಟ್ಟರು ಬಾವಿಗಿಳಿಯುವುದನ್ನು, ಪ್ರಿನ್ಸಿಪಾಲರು ಸ್ಕೂಟರಿಗೆ ಒದ್ದೂ ಒದ್ದೂ ಕಡೆಗೆ ಕೈಮುಗಿಯುವುದನ್ನು ಅವನು ಮಾಡಿ ತೋರಿಸಿದರೆ ಹುಡುಗರು ಸದ್ದಿಲ್ಲದೆ ನಕ್ಕು ನಕ್ಕು ಬೆಂಚಿನಿಂದ ಬೀಳುತ್ತಿದ್ದರಂತೆ. ರೂಮಿನ ಜೊತೆಗಾರ ಇರ್ಫಾನ್ ಈ ಊರಿಗೆ ಹಳಬ, ಕಾಲೇಜಿನ ಮೂಕನಾಟಕದ ತಂಡದಲ್ಲಿದ್ದವನು. ಅವನೇ ಅಣ್ಣನನ್ನು ತಂಡಕ್ಕೆ ಎಳೆದುಕೊಂಡು ಹೋದ. ವರ್ಷ ತುಂಬುವುದರೊಳಗೆ ಅಣ್ಣ ಆ ತಂಡದ ಮುಖ್ಯ ಪಾತ್ರಧಾರಿ. ಬೇರೆ ಬೇರೆ ಊರಿನ ಕಾಲೇಜುಗಳಿಗೆ ಹೋಗಿ ಆಡಿ ಬಂದರು, ಶೀಲ್ಡು ಗೆದ್ದರು. ಹಗಲಿನಲ್ಲಿ ಐಡ್ರೋಜನ್ ಎಂದು ಕೂಗುತ್ತಿದ್ದ ಹುಡುಗರೇ ಸಂಜೆ ಅವನ ಹೆಗಲ ಮೇಲೆ ಕೈ ಹಾಕಲು ಬರುತ್ತಿದ್ದರು.

ರಜಕ್ಕೆ ಮನೆಗೆ ಬಂದಾಗ ಇದನ್ನೆಲ್ಲ ನನ್ನ ಮುಂದೆ ಆಡಿ ತೋರಿಸುತ್ತಿದ್ದ. ನಾನು ಆಗ ಪಿಯುಸಿ ಎರಡನೇ ವರ್ಷ. ನನಗೂ ಕೈಮಾತು ಕಲಿಸಿದ. "ಪಾಸ್ ಮಾಡ್ಕೊ ಚಂದ್ರಿ, ನಮ್ಮ ಕಾಲೇಜ್ಗೇ ಸೇರುಸ್ತೀನಿ. ಎಣ್ಮಕ್ಕಳ ಆಸ್ಟೆಲ್ಲೂ ಅದೆ" ಎಂದಿದ್ದ. ನಾನು ಮೂರು ಹೊತ್ತೂ ಬಾಯಿ ಬಡಿದುಕೊಳ್ಳುವ ಹುಡುಗಿ. "ನೀನು ಸಂಜೆ ಆದ್ಮೇಲೆ ಎಂಗಿರ್ತೀಯೇ ಅಲ್ಲಿ, ಒಟ್ಟೆ ಉಬ್ಬಿ ಒಡ್ದೋಗ್ತೀಯ" ಎಂದು ಗೇಲಿ ಮಾಡಿದ್ದ. ಅದಕ್ಕೆ ನಾನು ದಿನಾ ಸಂಜೆ ಸೇತುವೆ ದಾಟುತ್ತೇನೆ ಎಂದಿದ್ದೆ.

ಹಗಲು ಮುದುರಿಕೊಂಡು ಸಂಜೆ ಅರಳುವುದು ಒಂದು ಅಭ್ಯಾಸವಾದ ಮೇಲೆ ಅಣ್ಣನಿಗೆ ಹಗಲೇ ಬೇಡವಾಯಿತು. ನಾಟಕದ ತಾಲೀಮು ಮುಗಿಸಿ ತಡವಾಗಿ ಮಲಗಿ ಬೆಳಗಿನ ಕ್ಲಾಸು ತಪ್ಪಿಸಿದ. ಸೆಮಿನಾರಿನ ದಿನ ಜ್ವರ ಎಂದ. ಪ್ರಯೋಗಶಾಲೆಗೆ ಹೋಗದೆ ಮ್ಯಾಟಿನಿಗೆ ಹೋದ. ಎರಡನೇ ವರ್ಷದ ಪರೀಕ್ಷೆ ಹತ್ತಿರ ಬಂದಾಗ ಹಾಜರಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಪ್ರಿನ್ಸಿಪಾಲರು ಕರೆಸಿ, "ನಿಮ್ಮ ತಂದೇನ ಕರ್ಕೊಂಡು ಬಾ. ಈ ವಾರದಲ್ಲಿ ಬರದಿದ್ರೆ ನಾನೇ ಹೇಳಿಕಳಿಸ್ತೀನಿ" ಎಂದರು. ಅಣ್ಣ ಹೂಂ ಎಂದು ಬಂದು ಮನೆಗೆ ಏನೂ ತಿಳಿಸಲಿಲ್ಲ. ಅಪ್ಪನಿಗೆ ಏನಾದರೂ ತಿಳಿಸುವುದಾದರೂ ಹೇಗೆ? ಅಪ್ಪ ಆಲೆಮನೆಯಿಂದ ಬರುವುದು ಕತ್ತಲಾದ ಮೇಲೆ. ಆಗ ಅಣ್ಣನಿಗೆ ದನಿ ಇಲ್ಲ. ಫೋನಿನಲ್ಲಿ ಮಾತು ಅಂತ ಆಗುತ್ತಿದ್ದದ್ದು ಭಾನುವಾರದ ಮಧ್ಯಾಹ್ನ ಮಾತ್ರ. ಆ ಭಾನುವಾರ ಅಣ್ಣ ಫೋನು ಎತ್ತಲಿಲ್ಲ.

ಅದೇ ಸಮಯಕ್ಕೆ ನಮ್ಮ ಮನೆಯಲ್ಲಿ ಇನ್ನೊಂದು ನಡೆಯುತ್ತಿತ್ತು. ಬೆಲ್ಲ ಕೊಳ್ಳಲು ಬರುವವರೊಬ್ಬರ ಮೂಲಕ ನನಗೆ ಒಂದು ಸಂಬಂಧ ಬಂದಿತ್ತು. ಹುಡುಗ ಮರಿಸ್ವಾಮಿ, ಅಣ್ಣ ಓದುತ್ತಿದ್ದ ಈ ಊರಿನವನೇ. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಗಂಟೆಗಳ ಅಂಗಡಿ. ಮನೆ ಗಂಟೆ, ದನದ ಗಂಟೆ, ಮುದುಕರ ಹಾಸಿಗೆ ಪಕ್ಕ ಇಡುವ ಕೈಗಂಟೆ. ಈ ಊರಿನಲ್ಲಿ ಎಂದೂ ನಿಲ್ಲದ ವ್ಯಾಪಾರ. ಅವ್ವ ಆಗಲೇ ಮನಸ್ಸಿನಲ್ಲಿ ಚಪ್ಪರ ಹಾಕಿಬಿಟ್ಟಿದ್ದಳು. ನನಗೆ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿತ್ತು. "ನಾನು ಓದ್ಬೇಕು ಕಣಪ್ಪ" ಎಂದೆ. ಅಪ್ಪನಿಗೆ ಅತ್ತಲೂ ಮನಸ್ಸಿತ್ತು, ಇತ್ತಲೂ ಮನಸ್ಸಿತ್ತು. ಕೊನೆಗೆ ನಾನೇ ಹೇಳಿದೆ, "ಅಣ್ಣನ್ನ ಕೇಳು. ಅವ್ನು ಬ್ಯಾಡ ಅಂದ್ರೆ ಬ್ಯಾಡ, ಸರಿ ಅಂದ್ರೆ ಸರಿ." ಅಣ್ಣ ಬೇಡವೆಂದೇ ಅನ್ನುತ್ತಾನೆ ಎಂದು ನನಗೆ ಅಷ್ಟು ಗಟ್ಟಿಯಾಗಿ ಗೊತ್ತಿತ್ತು. ಅಪ್ಪನಿಗೂ ಅದೇ ಬೇಕಾಗಿತ್ತು ಅಂತ ಕಾಣುತ್ತದೆ. ಮಾರನೇ ದಿನವೇ ಟವೆಲ್ಲಿನಲ್ಲಿ ಎರಡು ಅಚ್ಚು ಬೆಲ್ಲ ಕಟ್ಟಿಕೊಂಡು ಹೊರಟ.

ಮಧ್ಯಾಹ್ನಕ್ಕೆ ತಲುಪಬೇಕಾಗಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಹಿಡಿದು ಅವನು ಸೇತುವೆ ದಾಟುವಾಗ ಸೂರ್ಯ ಮುಳುಗಿ ಹೋಗಿತ್ತು. ಪಕ್ಕದಲ್ಲಿ ಕೂತವನಿಗೆ ಹಾಸ್ಟೆಲಿನ ದಾರಿ ಕೇಳುತ್ತಿದ್ದನಂತೆ. ಮಾತು ಅರ್ಧಕ್ಕೆ ಕಡಿದು ಹೋಯಿತು. ಗಂಟಲಿನಲ್ಲಿ ಪಾಕ ಗಟ್ಟಿಯಾಗಿ ಕೂತ ಹಾಗೆ ಆಯಿತು ಎಂದು ಆಮೇಲೆ ನಮಗೆ ಹೇಳಿದ. ಅದು ಹೊಳೆ ದಾಟಿದ್ದಕ್ಕೆ ಎಂದು ಅವನಿಗೆ ಆಗ ಹೊಳೆಯಲಿಲ್ಲ, ಹೊತ್ತು ಮುಳುಗಿದ್ದಕ್ಕೆ ಎಂದುಕೊಂಡ.

ಹಾಸ್ಟೆಲಿನ ಬಾಗಿಲಲ್ಲಿ ಅಪ್ಪನನ್ನು ಕಂಡಾಗ ಅಣ್ಣನಿಗೆ ಹೊಳೆದದ್ದು ಒಂದೇ. ಪ್ರಿನ್ಸಿಪಾಲರು ಹೇಳಿಕಳಿಸಿದ್ದಾರೆ. ಅಪ್ಪನಿಗೆ ಎಲ್ಲ ಗೊತ್ತಾಗಿದೆ. ಮೊಣಕಾಲ ಮೇಲಕ್ಕೆ ಕಟ್ಟಿದ ಪಂಚೆ, ಬೆಲ್ಲದ ಕಮಟು ಹೊಡೆಯುವ ಅಂಗಿ, ಬಸ್ಸಿನ ಧೂಳು ಮೆತ್ತಿದ ತಲೆ. ಕಾರಿಡಾರಿನಲ್ಲಿ ನಿಂತ ಹುಡುಗರು ನೋಡುತ್ತಿದ್ದರು. ಅಣ್ಣ ಅಪ್ಪನ ಕೈ ಹಿಡಿದು ಬೇಗ ಬೇಗ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ.

ಅಪ್ಪ ಮಂಚದ ಮೇಲೆ ಕೂತು, ಬಾಯಿಯನ್ನು ಮುಟ್ಟಿ ತೋರಿಸಿ, ಕಿಟಕಿಯಾಚೆ ಕೈ ಮಾಡಿ, ಅಂಗೈ ತಿರುಗಿಸಿದ. ಎಲ್ಲಾದರೂ ಹೋಗಿ ಮಾತಾಡಬಹುದಾ ಎಂದು. ಇಷ್ಟು ಮಾತ್ರ ಅಣ್ಣನಿಗೆ ಸರಿಯಾಗಿಯೇ ಅರ್ಥವಾಯಿತು. ಇರ್ಫಾನ್ ಕೂಡ ಎದ್ದು ಬಂದು, ಸೇತುವೆಗೆ ಕರ್ಕೊಂಡು ಹೋಗು ಎಂದು ಕೈಯಲ್ಲಿ ಹೇಳಿದ. ಅಣ್ಣ ಅವನನ್ನು ದುರುಗುಟ್ಟಿ ನೋಡಿದ. ಆ ಹೊತ್ತಿಗೆ ನಿಂಗಮ್ಮನ ಅಂಗಡಿಯಲ್ಲಿ ನಾಟಕದ ತಂಡವೆಲ್ಲ ಕೂತಿರುತ್ತದೆ, ಕ್ಲಾಸಿನ ಹುಡುಗಿಯರೂ ಇರುತ್ತಾರೆ. ಅವರೆಲ್ಲರ ಮುಂದೆ ಅಪ್ಪ ನಮ್ಮ ಕಡೆಯ ಮಾತಿನಲ್ಲಿ ಗಟ್ಟಿಯಾಗಿ ಬೈಯುತ್ತಾನೆ. ಅಣ್ಣ ಅಪ್ಪನ ಕಡೆ ತಿರುಗಿ, ಅಂಥ ಜಾಗ ಯಾವುದೂ ಇಲ್ಲ ಎಂದು ಕೈ ಅಲ್ಲಾಡಿಸಿದ. ಇರ್ಫಾನ್ ಮುಖ ತಿರುಗಿಸಿಕೊಂಡು ಹೊರಗೆ ಹೋದ.

ಅಪ್ಪ ತನ್ನ ಮಡಚದ ಬೆರಳುಗಳಲ್ಲಿ ಹೇಳಲು ಶುರು ಮಾಡಿದ. ಭುಜದ ಎತ್ತರಕ್ಕೆ ಕೈ ಹಿಡಿದು ತೋರಿಸಿದ. ಅದು ನಾನು, ಅವರ ಚಂದ್ರಿ. ಅಣ್ಣ ಅಂದುಕೊಂಡ: ನಿನ್ನನ್ನು ಇಷ್ಟೆತ್ತರಕ್ಕೆ ಬೆಳೆಸಿದೆನಲ್ಲೋ. ಅಪ್ಪ ಅಂಗೈ ಮೇಲೆ ಬರೆಯುವಂತೆ ಮಾಡಿ, ಅವಳು ಓದಬೇಕು ಅಂತಾಳೆ ಎಂದ. ಅಣ್ಣ ಅಂದುಕೊಂಡ: ಇದಾ ನೀನು ಓದಿದ್ದು. ಅಪ್ಪ ಎರಡೂ ಕೈ ಕತ್ತಿನ ಹತ್ತಿರ ತಂದು ಗಂಟು ಹಾಕಿ ತೋರಿಸಿದ, ಮತ್ತೆ ಹಾಕಿದ, ಮತ್ತೆ ಹಾಕಿದ. ತಾಳಿ. ಅಣ್ಣನಿಗೆ ಕಂಡದ್ದು ನೇಣು. ನನ್ನ ಕುತ್ತಿಗೆಗೆ ಹಗ್ಗ ಹಾಕಿಬಿಟ್ಟೆಯಲ್ಲೋ ಮಗನೇ. ಆಮೇಲೆ ಅಪ್ಪ ಎರಡು ಅಂಗೈಗಳನ್ನೂ ಮಗನ ಮುಂದೆ ಅಗಲಿಸಿ ಹಿಡಿದು ಅವನ ಮುಖವನ್ನೇ ನೋಡಿದ. ಏನಂತೀಯ?

ಕೈಮಾತಿನಲ್ಲಿ ಕಾಲೇಜಿಗೇ ಹೆಸರಾಗಿದ್ದ ನಮ್ಮಣ್ಣ ತಲೆ ತಗ್ಗಿಸಿ, ಹೌದು ಎಂದು ತಲೆಯಾಡಿಸಿದ. ತಪ್ಪಾಯಿತು ಎಂದು ಅದರರ್ಥ. ಅಪ್ಪ ಒಂದು ಗಳಿಗೆ ಅನುಮಾನದಿಂದ ನೋಡಿ, ಮತ್ತೆ ಅಂಗೈ ಅಗಲಿಸಿದ. ಅಣ್ಣ ಇನ್ನೂ ಜೋರಾಗಿ ತಲೆಯಾಡಿಸಿದ. ಅಪ್ಪನ ಕಣ್ಣಲ್ಲಿ ನೀರು ಬಂತು. ಎದ್ದು ಮಗನ ತಲೆಯ ಮೇಲೆ ಕೈ ಇಟ್ಟ. ಕ್ಷಮಿಸಿದ ಎಂದುಕೊಂಡು ಅಣ್ಣನೂ ಅತ್ತ. ಬೆಳಗಿನ ಮೊದಲ ಬಸ್ಸು ಸೂರ್ಯ ಹುಟ್ಟುವ ಮೊದಲೇ ಹೊರಡುತ್ತದೆ. ಕೊಪ್ಪರಿಗೆ ಕಾಯುತ್ತದೆಂದು ಅಪ್ಪ ಅದಕ್ಕೇ ಹೊರಟ. ಬಸ್‌ಸ್ಟ್ಯಾಂಡಿನವರೆಗೆ ಬಂದ ಅಣ್ಣ ಅದೇ ಬಸ್ಸಿನಲ್ಲಿ ಸೇತುವೆಯವರೆಗೆ ಹೋಗಿ ಇಳಿಯಬಹುದಾಗಿತ್ತು. ಹೋಗಲಿಲ್ಲ. ಮಾತು ಇಲ್ಲದೆಯೇ ಎಲ್ಲ ಸರಿಹೋಗಿದೆ, ಮಾತು ಬಂದರೆ ಮತ್ತೆ ಕೆಡುತ್ತದೆ ಎಂದು ಅವನಿಗೆ ಅನ್ನಿಸಿತ್ತು.

ಅಪ್ಪ ಮನೆಗೆ ಬಂದು, "ನಿಮ್ಮಣ್ಣ ಒಪ್ಕಂಡ ಕನವ್ವ. ಎಲ್ಡೆಲ್ಡು ಸಲ ಕೇಳ್ದೆ. ತಲೆ ಆಡುಸ್ದ. ಕಣ್ಣೀರ್ ಆಕ್ಕಂಡ, ಪಾಪ" ಎಂದ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಂದು ಕಡೆ ಕಾಲೇಜಿಗೆ ಸೇರಿಸುತ್ತೇನೆ ಎಂದು ಆಸೆ ತೋರಿಸಿ, ಇನ್ನೊಂದು ಕಡೆ ಮದುವೆಗೆ ತಲೆಯಾಡಿಸಿ ಕಳಿಸಿದ ಅಣ್ಣನ ಮೇಲಿನ ಸಿಟ್ಟು. ಅವನೇ ಹಾಗೆಂದ ಮೇಲೆ ನಾನು ಇನ್ನು ಯಾರ ಹತ್ತಿರ ಏನು ಹೇಳಲಿ ಎಂದು ಬಾಯಿ ಮುಚ್ಚಿಕೊಂಡೆ. ನಮ್ಮ ಊರಿನಲ್ಲಿ ಯಾರ ದನಿಯನ್ನೂ ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೂ ಆ ದಿನಗಳಲ್ಲಿ ನಾನು ಮಾತಾಡಿದ್ದು ನೆನಪಿಲ್ಲ.

ಪ್ರಿನ್ಸಿಪಾಲರು ಮನೆಗೆ ಹೇಳಿಕಳಿಸಲಿಲ್ಲ, ಆದರೆ ಅಣ್ಣನನ್ನು ಪರೀಕ್ಷೆಗೂ ಕೂರಿಸಲಿಲ್ಲ. ಹುಡುಗರೆಲ್ಲ ಪರೀಕ್ಷೆ ಬರೆಯುತ್ತಿದ್ದಾಗ ಅಣ್ಣ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತಿದ್ದು, ಅಪ್ಪನಿಗೆ ಎದುರಾಬದುರು ನಿಂತು ಮಾತಿನಲ್ಲೇ ತಪ್ಪು ಒಪ್ಪಿಕೊಳ್ಳಬೇಕೆಂದು ತೀರ್ಮಾನ ಮಾಡಿ ಊರಿಗೆ ಬಂದ. ಇಳಿಬಿಸಿಲು. ನಮ್ಮ ಮನೆ ಮುಂದೆ ಸುಣ್ಣ ಬಳಿಯುತ್ತಿದ್ದರು. ಅವ್ವ ಅಕ್ಕಿ ಕೇರುತ್ತ ಕೂತಿದ್ದಳು. ಅಪ್ಪ ಅವನನ್ನು ಕಂಡ ಕೂಡಲೇ ದೂರದಿಂದಲೇ ಕೂಗಿದ.

"ಬಾರ್ಲಾ, ಸರ್ಯಾದ ವೊತ್ತಿಗ್ ಬಂದೆ. ನೀನು ಊಂ ಅಂದ್ಮ್ಯಾಲೆ ಇನ್ನೇನು ಅಂತ ಮಾತು ಕೊಟ್ಬುಟ್ಟೆ. ಗಂಟೆ ಅಂಗಡಿ ಮರಿಸ್ವಾಮಿ ಮನೆಯೋರು ಎಲೆ ಅಡಿಕೆ ಎತ್ಕಂಡು ಓದ್ರು. ಬರೋ ತಿಂಗ್ಳು ಮದ್ವೆ."

"ಯಾರ್ದು?" ಎಂದ ಅಣ್ಣ.

"ಯಾರ್ದು ಅಂದ್ರೆ? ಚಂದ್ರೀದು ಕನ್ಲಾ. ಅವತ್ತು ನಿನ್ನ ಕೇಳ್ನಿಲ್ವಾ ನಾನು?"

ಅಣ್ಣ ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಡಲೂ ಇಲ್ಲ. ಗಂಟು, ಅಂಗೈ ಮೇಲಿನ ಬರಹ, ಭುಜದೆತ್ತರದ ಕೈ, ಎಲ್ಲವೂ ಆ ಒಂದು ಗಳಿಗೆಯಲ್ಲಿ ಅವನಿಗೆ ಸರಿಯಾಗಿ ಅರ್ಥವಾಯಿತು. ಆಗಲಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಒಪ್ಪಿಕೊಂಡದ್ದು ಅದಕ್ಕಲ್ಲ ಎಂದು. ಹಾಗಾದರೆ ಯಾವುದಕ್ಕೆ ಎಂದು ಅಪ್ಪ ಕೇಳುತ್ತಿದ್ದ. ಸುಣ್ಣ ಬಳಿಯುವವರು, ಅವ್ವ, ಬೀದಿಯವರು ಎಲ್ಲರ ಮುಂದೆ ಹಾಜರಿಯ ಕತೆ, ಪರೀಕ್ಷೆಯ ಕತೆ ಬಿಚ್ಚಬೇಕಾಗಿತ್ತು. ನಾನು ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದೆ.

"ನೀನೇ ಸರಿ ಅಂದ್ಯಂತೆ?" ಎಂದೆ.

ಅವನು ನನ್ನ ಮುಖ ನೋಡಲಿಲ್ಲ. "ಒಳ್ಳೆ ಜನ ಕಣೇ" ಎಂದ. "ಊರೂ ಒಳ್ಳೇದು. ನಿಂಗೆ ಕೈಮಾತು ಬೇರೆ ಬತ್ತದಲ್ಲ."

ಮದುವೆಯಾಯಿತು. ನಾನು ಈ ಊರಿಗೆ ಬಂದೆ. ನಮ್ಮ ಯಜಮಾನರು ಕೆಟ್ಟವರಲ್ಲ. ಹಗಲಿನಲ್ಲೂ ಎಣಿಸಿ ಮಾತಾಡುವ ಮನುಷ್ಯ, ಅಷ್ಟೇ. ಅತ್ತೆಯೂ ಮನೆಯ ಕೆಲಸ ಸುಸೂತ್ರವಾಗಿ ನಡೆದರೆ ಸಾಕು ಎನ್ನುವವರು. ಆದರೆ ಈ ಊರಿನಲ್ಲಿ ಹೆಂಗಸಿನ ಪಾಡು ಒಂದಿದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಗಲೆಲ್ಲ ಒಲೆ, ಬಟ್ಟೆ, ಅಂಗಡಿಗೆ ಊಟ, ಗಂಟೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು. ಉಸ್ಸಪ್ಪ ಎಂದು ಕೂತು ಯಾರೊಡನಾದರೂ ನಾಲ್ಕು ಮಾತಾಡೋಣ ಅನ್ನುವ ಹೊತ್ತಿಗೆ ಸೂರ್ಯ ಇಳಿದಿರುತ್ತಾನೆ. ಕೈಮಾತು ಇದೆ, ನಿಜ. ಅದರಲ್ಲಿ ಉಪ್ಪು ತಾ ಎನ್ನಬಹುದು, ಹೊಟ್ಟೆ ನೋಯುತ್ತಿದೆ ಎನ್ನಬಹುದು. ನಮ್ಮ ತವರಿನ ಜಗಲಿಯ ಮೇಲೆ ಕತ್ತಲಾದ ಮೇಲೆ ಕೂತು ಆಡುತ್ತಿದ್ದ, ತಲೆಯಿಲ್ಲದ ಬುಡವಿಲ್ಲದ ಮಾತುಗಳಿವೆಯಲ್ಲ, ಅವು ಕೈಗೆ ಸಿಗುವುದಿಲ್ಲ. ಬೆಳಿಗ್ಗೆ ಕಾಲೇಜಿನ ಹುಡುಗಿಯರು ನಮ್ಮ ಮನೆಯ ಮುಂದೆಯೇ ಹೋಗುತ್ತಿದ್ದರು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡಿರುತ್ತಿದ್ದರು. ನಾನು ತಿಕ್ಕುತ್ತಿದ್ದ ಗಂಟೆಯನ್ನು ಅಲ್ಲಾಡದಂತೆ ಹಿಡಿದುಕೊಂಡು ಕೇಳಿಸಿಕೊಳ್ಳುತ್ತಿದ್ದೆ.

ಅಣ್ಣ ಅದೇ ಕಾಲೇಜಿನಲ್ಲಿ ಹಿಂದಿನ ತರಗತಿಯ ಹುಡುಗರ ಜೊತೆ ಕೂತು, ಮನೆಯಲ್ಲಿ ಯಾರಿಗೂ ಹೇಳದೆ, ಮತ್ತೆ ಓದುತ್ತಿದ್ದ. ನಾಟಕ ಬಿಟ್ಟಿದ್ದ. ಹಗಲೆಲ್ಲ ತಪ್ಪದೆ ಕ್ಲಾಸಿಗೆ ಹೋಗುತ್ತಿದ್ದ. ಐಡ್ರೋಜನ್ ಎಂದು ಯಾರಾದರೂ ಕರೆದರೆ ಹಾಂ ಎಂದು ತಿರುಗಿ ನೋಡುತ್ತಿದ್ದನಂತೆ. ನಮ್ಮ ಮನೆ ಹಾಸ್ಟೆಲಿನಿಂದ ಕೂಗಳತೆಯ ದೂರ. ಆದರೆ ಅವನು ಬರುತ್ತಿದ್ದದ್ದು ಮುಸ್ಸಂಜೆ ಕಳೆದ ಮೇಲೆ. ಗಂಟೆ ಎಳೆದು ಒಳಗೆ ಬಂದು, ಕೊಟ್ಟದ್ದನ್ನು ತಿಂದು, ಚೆನ್ನಾಗಿದ್ದೀಯಾ ಎಂದು ಕೈಯಲ್ಲಿ ಕೇಳಿ, ಚೆನ್ನಾಗಿದ್ದೀನಿ ಎಂದು ನಾನು ಅಂದ ಕೂಡಲೇ ಎದ್ದು ಹೋಗುತ್ತಿದ್ದ. ಹಬ್ಬದ ದಿನ ಮಧ್ಯಾಹ್ನದ ಊಟಕ್ಕೆ ಕರೆದರೂ ಬಂದದ್ದು ಕತ್ತಲಾದ ಮೇಲೆ. ಇದು ನನಗೆ ಹೊಳೆಯಲು ಬಹಳ ದಿನ ಬೇಕಾಯಿತು. ನನ್ನ ಮುಂದೆ ಬಾಯಿ ತೆರೆಯುವ ಸಂದರ್ಭವೇ ಬಾರದ ಹಾಗೆ ಅವನು ಬರುತ್ತಿದ್ದಾನೆ.

ಹೊಳೆದ ದಿನ ನಾನು ಅವನನ್ನು ಕೂರಲು ಬಿಡಲಿಲ್ಲ. ಆಗ ನನಗೆ ಐದು ತಿಂಗಳು. ಅತ್ತೆಗೆ, ಅಣ್ಣನ ಜೊತೆ ಸ್ವಲ್ಪ ಹೋಗಿ ಬರ್ತೀನಿ ಎಂದು ಕೈಮಾಡಿ, ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿದೆ. ಅವನಿಗೆ ಎಲ್ಲಿಗೆಂದು ಗೊತ್ತಾಯಿತು. ಬರಲಾರೆ ಎಂದು ಕೈ ಅಲ್ಲಾಡಿಸಿದ. ಅವನ ಅಂಗಿಯ ತೋಳು ಹಿಡಿದು ಬೀದಿಯುದ್ದಕ್ಕೂ ಎಳೆದುಕೊಂಡು ಹೋದೆ.

ಸೇತುವೆಯ ಆಚೆ ತುದಿಯಲ್ಲಿ ಕಾಲಿಟ್ಟಾಗ ನಾನೇ ಮೊದಲು ಮಾತಾಡಿದೆ. "ಈಗ ಬಾಯ್ಬುಟ್ಟು ಏಳು."

ನಿಂಗಮ್ಮನ ಅಂಗಡಿಯ ಗದ್ದಲ ಬಿಟ್ಟು ಆಚೆ ಒಂದು ಕಲ್ಲಿನ ಮೇಲೆ ಕೂತೆವು. ಅವನು ಹೇಳಿದ. ಐಡ್ರೋಜನ್ನಿನಿಂದ ಹಿಡಿದು ಸುಣ್ಣ ಬಳಿಯುವವರ ಮುಂದೆ ನಿಂತದ್ದರವರೆಗೆ, ಒಂದನ್ನೂ ಬಿಡದೆ. ಹೇಳುವಾಗ ನಡುನಡುವೆ ಅವನ ಕೈಗಳು ತಾವಾಗಿಯೇ ಏಳುತ್ತಿದ್ದವು. ಅವನು ಅವನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡ.

"ಅವತ್ತು ಗೊತ್ತಾಗ್ನಿಲ್ಲ, ಸರಿ. ಮನೇಲಿ ಗೊತ್ತಾಯ್ತಲ್ಲ? ಅಲ್ಲಿ ಬಾಯಿತ್ತಲ್ಲ ನಿಂಗೆ?" ಎಂದೆ.

"ಇತ್ತು ಚಂದ್ರಿ."

"ಮತ್ತೆ?"

"ಅಪ್ಪ ಅಷ್ಟು ಖುಷಿಯಾಗಿದ್ದ. ಅದ್ನ ಕೆಡ್ಸೋದು ಬ್ಯಾಡ ಅಂತ..." ಎಂದು ಶುರು ಮಾಡಿ, ತಾನೇ ನಿಲ್ಲಿಸಿದ. "ಅಲ್ಲ, ಸುಳ್ಳು. ನಾನು ಅಪ್ಪನ ಕಣ್ಣಲ್ಲಿ ಸಣ್ಣೋನಾಗ್ಬಿಡ್ತೀನಿ ಅಂತ ಎದರ್ಕೊಂಡೆ. ಅಷ್ಟೇ."

ನಾನು ಬೈಯಬೇಕೆಂದೇ ಅವನನ್ನು ಅಷ್ಟು ದೂರ ಎಳೆದುಕೊಂಡು ಬಂದಿದ್ದೆ. ಅವನು ನಿಜ ಹೇಳಿದ ಮೇಲೆ ಬೈಗುಳ ಯಾವುದೂ ನೆನಪಿಗೆ ಬರಲಿಲ್ಲ. ನಿಂಗಮ್ಮ ಇಬ್ಬರಿಗೂ ಟೀ ತಂದುಕೊಟ್ಟು, ಬಸುರಿ ಹೆಂಗಸು ಚಳಿಯಲ್ಲಿ ಕೂರಬಾರದು ಎಂದು ಗದರಿ ಹೋದಳು.

"ಅಪ್ಪಂಗೆ ಏಳ್ಬಿಡ್ತೀನಿ ಚಂದ್ರಿ. ಈ ಭಾನ್ವಾರವೇ" ಎಂದ ಅಣ್ಣ.

"ಬ್ಯಾಡ" ಎಂದೆ. "ಮಗಳ ಬಾಳನ್ನ ಅರ್ಥವಾಗ್ದೆ ಇದ್ದ ಸನ್ನೆ ಮೇಲೆ ತೀರ್ಮಾನ ಮಾಡ್ದೆ ಅಂತ ಅವ್ನಿಗೆ ಗೊತ್ತಾದ್ರೆ ಒಲೆ ಮುಂದೆ ನಿಂತ್ಕೊಳಕ್ಕಾಗಲ್ಲ ಅವ್ನಿಗೆ. ಅವ್ನಾದ್ರೂ ನೆಮ್ಮದಿಯಾಗಿರ್ಲಿ."

ಆ ವಾರವೇ ಅಣ್ಣ ಹಾಡುಹಗಲಿನಲ್ಲಿ ನಮ್ಮ ಮನೆಗೆ ಬಂದ. ನಮ್ಮ ಯಜಮಾನರನ್ನೂ ಅತ್ತೆಯನ್ನೂ ಕೂರಿಸಿಕೊಂಡು, ತಡವರಿಸುತ್ತ, ಹಕಾರಗಳನ್ನೆಲ್ಲ ನುಂಗುತ್ತ, ನನ್ನನ್ನು ಕಾಲೇಜಿಗೆ ಸೇರಿಸಬೇಕೆಂದು ಕೇಳಿದ. ತಾನೇ ಅರ್ಜಿ ತಂದು ಓಡಾಡುತ್ತೇನೆ ಎಂದ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅವನು ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ನಂದೇನಿಲ್ಲ, ಓದ್ಲಿ. ಅವ್ವ ಏನಂತಾರೋ" ಎಂದರು ನಮ್ಮ ಯಜಮಾನರು.

"ಹೊಟ್ಟೇಲಿ ಕೂಸಿಟ್ಕೊಂಡು ಯಾವ ಕಾಲೇಜಪ್ಪ?" ಎಂದರು ಅತ್ತೆ, ಸಿಟ್ಟಿಲ್ಲದೆ. "ಹೆರಿಗೆ ಆಗ್ಲಿ. ಆಮೇಲೆ ನೋಡಾಣ."

ಹೆರಿಗೆ ಆಯಿತು. ಮಗನ ಹಿಂದೆಯೇ ಮಗಳು ಬಂದಳು. ಅತ್ತೆಗೆ ಸೊಂಟ ಹಿಡಿದುಕೊಂಡಿತು, ಅಂಗಡಿಗೆ ಇನ್ನೊಂದು ಮಳಿಗೆ ಸೇರಿತು. ಬೇಡವೆಂದು ಯಾರೂ ಅನ್ನಲಿಲ್ಲ. ಪ್ರತಿ ವರ್ಷ ಜೂನ್ ಬಂದಾಗ ಅಣ್ಣ ಕೇಳುತ್ತಿದ್ದ, ಪ್ರತಿ ವರ್ಷವೂ ಮುಂದಿನ ವರ್ಷ ನೋಡೋಣ ಎನ್ನುವಂಥದ್ದು ಏನಾದರೊಂದು ಇರುತ್ತಿತ್ತು. ಕಡೆಗೆ ಹಾಗೆ ಹೇಳುತ್ತಿದ್ದವಳು ನಾನೇ. ಆಮೇಲೆ ಅವನು ಕೇಳುವುದನ್ನು ನಿಲ್ಲಿಸಿದ. ಅವನು ಡಿಗ್ರಿ ಮುಗಿಸಿ ಪಕ್ಕದ ತಾಲ್ಲೂಕಿನಲ್ಲಿ ಹೈಸ್ಕೂಲ್ ಮೇಷ್ಟ್ರಾದ. ಮಕ್ಕಳು ಉಚ್ಚಾರ ತಪ್ಪಿದರೆ ನಗುವುದಿಲ್ಲವಂತೆ, ಬೇರೆ ಮಕ್ಕಳು ನಕ್ಕರೆ ಮಾತ್ರ ಕೆಂಡವಾಗುತ್ತಾನಂತೆ.

ಹೋದ ವರ್ಷ ಅಪ್ಪ ಆಲೆಮನೆ ಬಿಟ್ಟ ಮೇಲೆ ನಮ್ಮಲ್ಲಿಗೆ ಬಂದು ಕೆಲವು ದಿನ ಇದ್ದ. ಒಂದು ಮಧ್ಯಾಹ್ನ ನಾನು ಹುಣಸೆಹಣ್ಣಿನಲ್ಲಿ ಗಂಟೆ ತಿಕ್ಕುತ್ತಿದ್ದೆ, ಅವನು ಪಕ್ಕದಲ್ಲಿ ಕೂತು ತಿಕ್ಕಿದವನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ. ಕಾಲೇಜಿನ ಹುಡುಗಿಯರ ಗುಂಪೊಂದು ಮಾತಾಡಿಕೊಂಡು ಹೋಯಿತು. ಅವರು ತಿರುವಿನಲ್ಲಿ ಮರೆಯಾಗುವವರೆಗೆ ಅಪ್ಪ ನೋಡುತ್ತಿದ್ದ.

"ನಿಮ್ಮಣ್ಣ ಅವತ್ತು ನನ್ ಸನ್ನೆ ತಿಳ್ಕಂಡಿರ್ನಿಲ್ವೇನೋ ಅಂತ ನಂಗೆ ಅವತ್ತೇ ಅನುಮಾನ ಆಗಿತ್ತು ಕನವ್ವ" ಎಂದ.

ನನ್ನ ಕೈ ನಿಂತಿತು.

"ಬಸ್ಸು ಒಳೆ ದಾಟ್ತು, ನಂಗೆ ದನಿ ಬಂತು. ಆಗ ಅನ್ನುಸ್ತು. ಇಳ್ದು, ಸೂರ್ಯ ಉಟ್ಟಗಂಟ ಅಲ್ಲೇ ಕೂತಿದ್ದು, ಇಂದಕ್ಕೋಗಿ ಬಾಯಲ್ಲಿ ಒಂದ್ ಮಾತು ಕೇಳ್ಬುಟ್ಟು ಬರಾನ ಅಂತ. ಕಂಡಕ್ಟ್ರುನ್ನ ಇಳ್ಸಪ್ಪ ಅಂತ ಕೂಗಕ್ಕೆ ಬಾಯೂ ತಕ್ಕಂಡಿದ್ದೆ. ಕೊಪ್ಪರಿಗೆ ಕಾಯ್ತದೆ ಅಂತ ಸುಮ್ಕಾಗ್ಬುಟ್ಟೆ." ಒರೆಸಿದ ಗಂಟೆಯನ್ನೇ ಮತ್ತೆ ಒರೆಸಿದ. "ಒಳ್ಳೆ ಸಂಬಂಧ, ಕೈ ತಪ್ಪಿ ಓದಾದು ಅನ್ನೋ ಆಸೆನೂ ಇತ್ತು ಅನ್ನು. ನಿಮ್ಮಣ್ಣಂಗೆ ಏಳ್ಬ್ಯಾಡ. ಅವ್ನು ನೊಂದ್ಕತಾನೆ."

ನಾನು ಹೂಂ ಎಂದೆ. ಇಬ್ಬರ ಮಾತೂ ಈಗ ನನ್ನ ಹತ್ತಿರ ಇದೆ.

ಮೊನ್ನೆ ಶನಿವಾರ ಅಪ್ಪನೂ ಅಣ್ಣನೂ ಒಟ್ಟಿಗೆ ನಮ್ಮ ಮನೆಗೆ ಬಂದಿದ್ದರು. ಇಳಿಹೊತ್ತಿನಲ್ಲಿ ಜಗಲಿಯ ಮೇಲೆ ಅಕ್ಕಪಕ್ಕ ಕೂತು ಜೋರು ಜೋರಾಗಿ ಮಾತಾಡುತ್ತಿದ್ದರು. ಈ ಊರಿನಲ್ಲಿ ಆ ಹೊತ್ತಿನಲ್ಲಿ ಎಲ್ಲರೂ ಹಾಗೆಯೇ, ಮಳೆ ಬರುವ ಮೊದಲು ಒಣಗಿಸಿದ್ದನ್ನು ಎತ್ತಿಕೊಳ್ಳುವವರ ಹಾಗೆ ಅವಸರದಲ್ಲಿ ಮಾತಾಡುತ್ತಾರೆ. ಕಬ್ಬು ಈ ಸಲ ಬೇಗ ಸೂಲಂಗಿ ಹೂ ಬಿಟ್ಟದ್ದು, ಬಸ್ಸು ಹೊಸ ದಾರಿಯಲ್ಲಿ ಹೋಗುವುದು, ನನ್ನ ಮಗನ ಬಿದ್ದ ಹಲ್ಲು. ನಾನು ಟೀ ತೆಗೆದುಕೊಂಡು ಹೊರಗೆ ಬಂದೆ. ಎದುರು ಮನೆಯ ಮಾಳಿಗೆಯ ಗೋಡೆಯ ಮೇಲೆ ಇನ್ನೂ ಒಂದಿಷ್ಟು ಬಿಸಿಲು ಉಳಿದಿತ್ತು. ಒಂದು ಮಾತಿಗೆ ಸಾಲುವಷ್ಟು. ಇಬ್ಬರೂ ಇದ್ದಾರೆ, ಮೂವರಿಗೂ ದನಿಯಿದೆ, ಈಗ ಹೇಳಿಬಿಟ್ಟರೆ ಇಬ್ಬರ ಎದೆಯ ಮೇಲಿನದೂ ಇಳಿಯುತ್ತದೆ ಅನ್ನಿಸಿತು.

"ಅಪ್ಪ, ಅಣ್ಣ" ಎಂದೆ.

ಇಬ್ಬರೂ ಒಟ್ಟಿಗೆ ತಲೆಯೆತ್ತಿದರು. ನನ್ನ ದನಿಯಲ್ಲಿ ಅವರಿಗೆ ಏನು ಕೇಳಿಸಿತೋ, ಇಬ್ಬರ ಮುಖದಲ್ಲೂ ಒಂದೇ ಬಗೆಯ ಹೆದರಿಕೆ ಕಂಡಿತು.

"ಟೀ ಆರೋಗ್ತದೆ, ಕುಡೀರಿ" ಎಂದೆ.

ಲೋಟ ತೆಗೆದುಕೊಂಡರು. ಅಪ್ಪ ಕಬ್ಬಿನ ವಿಷಯವನ್ನೇ ಮತ್ತೆ ಶುರು ಮಾಡಿದ. ಒಂದು ವಾಕ್ಯದ ನಡುವೆ ಅವನ ದನಿ ನಿಂತಿತು. ಗೋಡೆಯ ಮೇಲೆ ಬಿಸಿಲು ಇರಲಿಲ್ಲ. ಉಳಿದದ್ದೇನೆಂದು ಅಣ್ಣ ಕೇಳಲಿಲ್ಲ, ಅಪ್ಪನೂ ಕೈಯಲ್ಲಿ ಹೇಳಲು ಹೋಗಲಿಲ್ಲ. ಇಬ್ಬರೂ ಗೋಡೆಗೆ ಒರಗಿ, ದೂರದಿಂದ ಹೊರೆ ಹೊತ್ತು ಬಂದು ಇಳಿಸಿದವರ ಹಾಗೆ ಕಾಲು ನೀಡಿಕೊಂಡು ಟೀ ಕುಡಿದರು. ಲೋಟಗಳು ಖಾಲಿಯಾಗುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ.